ಸೀಲಿಂಗ್ ಸೋರುತ್ತಿದೆ, ನೀರು ಬರುತ್ತಿರುವುದು ಎಲ್ಲಿಂದ? ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತು ಅಂದರೆ ಈ ಪ್ರಶ್ನೆಗಳು ಶುರುವಾಗುತ್ತವೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದರೂ ಯಾರಾದರೂ ಮೊಬೈಲ್ ತೆಗೆದು ಕಲೆ ಬಿದ್ದ ಸೀಲಿಂಗ್ ತೋರಿಸುತ್ತಾರೆ. ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವು ಮೋಲ್ಡ್, ಅಂದರೆ ಕಾಂಕ್ರೀಟ್ ಛಾವಣಿಯ ಮನೆಗಳ ಬಗ್ಗೆ. ಹೆಂಚಿನ ಮನೆಯವರಿಗೂ ಕೆಳಗೆ ಒಂದು ಉತ್ತರ ಇದೆ. ನನ್ನ ಹಟ ಏನು ಅಂತ ಮೊದಲೇ ಹೇಳಿಬಿಡುತ್ತೇನೆ: ಕಾರಣ ಗೊತ್ತಾಗುವ ತನಕ ಒಂದು ಟೈಲ್ಸೂ ಒಡೆಯಬಾರದು, ಒಂದು ಡಬ್ಬ ಕೆಮಿಕಲ್ಲೂ ತರಬಾರದು.

## ಮೊದಲ ದಿನದ ಪ್ರಶ್ನೆಗಳು

ಫ್ಯಾನ್ ಹತ್ತಿರವೇ ನೀರು ತೊಟ್ಟಿಕ್ತಾ ಇದೆ. ಈಗಲೇ ಏನು ಮಾಡ್ಲಿ?

ಬಕೆಟ್ ಆಮೇಲೆ ಇಡಿ. ಮೊದಲು ಆ ಕೋಣೆಯ ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಕೋಣೆಯ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್‌ವರೆಗೆ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಯಾವ ಎಂಸಿಬಿ ಯಾವ ಕೋಣೆಯದು ಅಂತ ಗೊತ್ತಿಲ್ಲದಿದ್ದರೆ ಮೇನ್ ಆಫ್ ಮಾಡಿ. ಕೈ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಆ ಫ್ಯಾನ್ ಮುಟ್ಟಬೇಡಿ.

ಮೇಲೆ ಬಾತ್‌ರೂಮ್ ಇದ್ದರೆ ಅದಕ್ಕೆ ಹೋಗುವ ಲೈನಿನ ಗೇಟ್‌ವಾಲ್ವ್ ಮುಚ್ಚಿಸಿ. ಜಿಪ್ಸಮ್ ಫಾಲ್ಸ್ ಸೀಲಿಂಗ್ ನೀರು ತುಂಬಿ ಜೋತು ಬಿದ್ದಿದ್ದರೆ, ಕರೆಂಟ್ ತೆಗೆದ ಮೇಲೆ, ಕೆಳಗೆ ಬಕೆಟ್ ಇಟ್ಟು ಸ್ಕ್ರೂಡ್ರೈವರ್‌ನಿಂದ ಸಣ್ಣ ತೂತು ಮಾಡಿ ನೀರು ಇಳಿಸಿ. ಇಲ್ಲದಿದ್ದರೆ ಹಲಗೆಯೇ ಕಳಚಿ ಬೀಳುತ್ತದೆ. ಕೊನೆಗೆ ಒಂದು ವೀಡಿಯೊ ತೆಗೆದಿಡಿ. ಮೇಲ್ಮನೆಯವರ ಹತ್ತಿರವೋ ಬಿಲ್ಡರ್ ಹತ್ತಿರವೋ ಮಾತಾಡುವಾಗ ಬೇಕಾಗುತ್ತದೆ.

ಕಲೆ ಇರೋ ಜಾಗದ ನೇರ ಮೇಲೆನೇ ತೂತು ಇರುತ್ತೆ ಅಲ್ವಾ?

ಹಾಗಂತ ನಂಬಿಯೇ ಜಾಸ್ತಿ ಜನ ತಪ್ಪು ಜಾಗ ಒಡೆಸುತ್ತಾರೆ. ಸಾಮಾನ್ಯ ಮನೆಯ ಮೋಲ್ಡ್ ನಾಲ್ಕೂವರೆಯಿಂದ ಐದು ಇಂಚು ದಪ್ಪ. ಅದರ ಮೇಲೆ ಇಳಿಜಾರಿಗೆ ಹಾಕಿದ ಗಾರೆ, ಅದರ ಮೇಲೆ ಟೈಲ್ಸ್. ಟೈಲ್ಸ್ ಸಂದಿಯಲ್ಲಿ ಇಳಿದ ನೀರು ಗಾರೆಯ ಅಡಿಯಲ್ಲಿ ಹರಿಯುತ್ತಾ ಹೋಗಿ, ಎಲ್ಲಿ ಬಿರುಕು ಸಿಗುತ್ತದೋ, ಕಾಂಕ್ರೀಟ್ ಎಲ್ಲಿ ಜೊಳ್ಳಾಗಿದೆಯೋ ಅಲ್ಲಿ ಕೆಳಗಿಳಿಯುತ್ತದೆ. ಹತ್ತು ಅಡಿ ಆಚೆ ಇಳಿದರೂ ಆಶ್ಚರ್ಯ ಇಲ್ಲ.

ಇನ್ನೊಂದು ದಾರಿ ವೈರಿಂಗ್ ಪೈಪು. ಮೋಲ್ಡ್ ಹಾಕುವಾಗಲೇ ಇವನ್ನು ಕಂಬಿಯ ಜೊತೆ ಒಳಗೆ ಹೂತಿರುತ್ತಾರೆ. ನೀರು ಒಳಹೊಕ್ಕರೆ ಪೈಪಿನ ಬಾಯಿ ಇರುವಲ್ಲಿ, ಅಂದರೆ ಫ್ಯಾನ್ ಬಾಕ್ಸ್ ಅಥವಾ ಲೈಟ್ ಪಾಯಿಂಟ್‌ನಲ್ಲಿ, ಹೊರಬೀಳುತ್ತದೆ. ಹಾಗಾಗಿ ಕಲೆಯ ಜಾಗವನ್ನು ಎರಡು ಗೋಡೆಗಳಿಂದ ಅಳೆದುಕೊಳ್ಳಿ. ಮೇಲೆ ಹೋಗಿ ಅದೇ ಅಳತೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹುಡುಕಾಟ ಆ ಗುರುತಿನಿಂದ ಇಳಿಜಾರಿನ ಮೇಲ್ಗಡೆಗೆ ಸಾಗಲಿ.

ಹಾಗಾದ್ರೆ ಹುಡುಕೋಕೆ ಎಲ್ಲಿಂದ ಶುರು ಮಾಡೋದು?

ಹೊತ್ತಿನಿಂದ. ಎಲ್ಲಿ ಸೋರುತ್ತದೆ ಅನ್ನುವುದಕ್ಕಿಂತ ಯಾವಾಗ ಸೋರುತ್ತದೆ ಅನ್ನುವುದು ಹೆಚ್ಚು ಹೇಳುತ್ತದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಒಂದೆರಡು ವಾರ ಬರೆದಿಡಿ: ಮಳೆ ಬಂದಿದ್ದು ಯಾವಾಗ, ಮೋಟರ್ ಹಾಕಿದ್ದು ಯಾವಾಗ, ಮೇಲೆ ಸ್ನಾನ ಆಗಿದ್ದು ಎಷ್ಟು ಹೊತ್ತಿಗೆ, ವಾಷಿಂಗ್ ಮೆಷಿನ್ ಓಡಿದ್ದು ಎಷ್ಟು ಹೊತ್ತಿಗೆ, ಹನಿ ಶುರುವಾಗಿದ್ದು, ನಿಂತಿದ್ದು. ಇದು ಬೇಜಾರಿನ ಕೆಲಸ ಅನ್ನುವುದು ಗೊತ್ತು. ಆದರೂ ಅರ್ಧಕ್ಕರ್ಧ ಅನುಮಾನ ಇಲ್ಲೇ ತೀರುತ್ತದೆ.

ಹಗಲು ರಾತ್ರಿ, ಮಳೆ ಬಿಸಿಲು ಅನ್ನದೆ ಒಂದೇ ಸಮನೆ ಬಿದ್ದರೆ ಸದಾ ನೀರು ತುಂಬಿರುವ ಪೈಪಿನ ಮೇಲೆ ಅನುಮಾನ ಪಡಿ. ಬೆಳಿಗ್ಗೆ ಸ್ನಾನದ ಹೊತ್ತು ಕಳೆದ ಮೇಲೆ ಶುರುವಾಗಿ ಮಧ್ಯಾಹ್ನಕ್ಕೆ ಕಡಿಮೆಯಾದರೆ ಬಳಸಿದ ನೀರು ಹೋಗುವ ದಾರಿ, ಇಲ್ಲವೇ ಬಾತ್‌ರೂಮ್ ನೆಲ. ವಾಷಿಂಗ್ ಮೆಷಿನ್ ದಿನ ಮಾತ್ರ ಬಂದರೆ ಅದರ ನೀರು ಬಿಡುವ ಪೈಪು. ಮಳೆ ಬಿದ್ದ ಅರ್ಧ ಮುಕ್ಕಾಲು ಗಂಟೆಯಲ್ಲೇ ಹನಿ ಬಂದರೆ ತಾರಸಿಯಲ್ಲಿ ನೇರ ದಾರಿ ಇದೆ: ಬಿರುಕು, ಪೈಪ್ ಹಾದುಹೋದ ತೂತು, ಮಳೆನೀರಿನ ಪೈಪಿನ ಜಾಯಿಂಟ್. ಮಳೆ ನಿಂತು ಒಂದೆರಡು ದಿನದ ಮೇಲೆ ಶುರುವಾಗಿ ನಿಧಾನಕ್ಕೆ ಒಸರುತ್ತಿದ್ದರೆ ಟೈಲ್ಸ್ ಅಡಿಯ ಗಾರೆ ಪೂರ್ತಿ ನೀರು ಕುಡಿದು ಕೂತಿದೆ ಅಂತ ಅರ್ಥ. ಗಾಳಿ ಬೀಸಿ ಮಳೆ ಹೊಡೆದಾಗ ಮಾತ್ರ, ಅದೂ ಗೋಡೆ ಸೇರುವ ಮೂಲೆಯಲ್ಲಿ ಬಂದರೆ ತಾರಸಿಗಿಂತ ಹೊರಗೋಡೆ, ಸಜ್ಜಾ ನೋಡಿ.

ಇದು ಸೋರಿಕೆನಾ, ಇಲ್ಲ ಬರೀ ಹವೆಯ ತೇವನಾ?

ಸೀಲಿಂಗ್ ಮೇಲ್ಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಎರಡು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಒಂದು ದಿನ ಬಿಡಿ. ಹಾಳೆಯ ಒಳಗಡೆ, ಅಂದರೆ ಸೀಲಿಂಗ್ ಕಡೆ, ಹನಿ ಕಟ್ಟಿದರೆ ನೀರು ಮೋಲ್ಡಿನಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಇದ್ದರೆ ಅದು ಹವೆಯ ತೇವ. ಸ್ನಾನದ ಮನೆಯಲ್ಲಿ, ಕಿಟಕಿ ಇಲ್ಲದ ಅಡುಗೆಮನೆಯಲ್ಲಿ, ಕರಾವಳಿಯ ಮಳೆಗಾಲದಲ್ಲಿ ಇದು ಸಾಮಾನ್ಯ. ಎಸಿ ಇರುವ ಮನೆಯಲ್ಲಿ ಅದರ ನೀರು ಹೋಗುವ ಸಣ್ಣ ಪೈಪ್ ಕಟ್ಟಿಕೊಂಡಿದೆಯಾ ಅಂತಲೂ ನೋಡಿ.

ಕಲೆಯ ಸುತ್ತ ಬಿಳಿ ಪುಡಿ ಬರ್ತಿದೆ. ಫಂಗಸ್ಸಾ?

ಬಹುತೇಕ ಉಪ್ಪು. ನೀರು ಗಾರೆ, ಕಾಂಕ್ರೀಟ್ ಮೂಲಕ ಇಳಿಯುವಾಗ ಅದರೊಳಗಿನ ಸುಣ್ಣ, ಲವಣ ಕರಗಿಸಿಕೊಂಡು ಬಂದು ಹೊರಗೆ ಆರಿದಾಗ ಬಿಟ್ಟುಹೋಗುತ್ತದೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ, ನೀರು ಹಾಕಿದರೆ ಬಹುಪಾಲು ಕರಗುತ್ತದೆ. ಕಪ್ಪು ಅಥವಾ ಹಸಿರು ಚುಕ್ಕೆ, ಮುಗ್ಗಲು ವಾಸನೆ ಇದ್ದರೆ ಅದು ಬೂಷ್ಟು. ಸೀಲಿಂಗಿನಿಂದ ಸುಣ್ಣದ ಕಡ್ಡಿ ಇಳಿಬಿದ್ದಿದ್ದರೆ ಈ ಸೋರಿಕೆ ಹಳೆಯದು. ಹೋದ ತಿಂಗಳಷ್ಟೇ ಶುರುವಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

## ಮೇಲೆ ತಾರಸಿ ಇದ್ದರೆ

ತಾರಸಿಗೆ ಹೋಗಿ ನೋಡಿದೆ. ಬಿರುಕೇ ಕಾಣಿಸ್ತಿಲ್ಲ. ಏನು ನೋಡಬೇಕು?

ನಡುವಿನ ಜಾಗ ಬಿಡಿ, ಅಂಚುಗಳನ್ನು ನೋಡಿ. ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ ಮೊದಲನೆಯದು. ಮೋಲ್ಡ್ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಅದರ ಮೇಲೆ ಕಟ್ಟಿದ ಇಟ್ಟಿಗೆ ಗೋಡೆ ಅಷ್ಟೇ ಅಳತೆಗೆ ಅಲ್ಲಾಡುವುದಿಲ್ಲ, ಹಾಗಾಗಿ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಒಣಗಿದಾಗ ಅದು ಕಾಣುವುದಿಲ್ಲ. ತಾರಸಿಗೆ ನೀರು ಚೆಲ್ಲಿ ಆರಲು ಬಿಡಿ. ಸುತ್ತ ಎಲ್ಲ ಆರಿದ ಮೇಲೂ ಬಿರುಕಿನ ಗೆರೆ ಒದ್ದೆಯಾಗಿ ಉಳಿಯುತ್ತದೆ.

ಎರಡನೆಯದು ಮಳೆನೀರು ಇಳಿಯುವ ಪೈಪಿನ ಬಾಯಿ. ಎಲೆ, ಪ್ಲಾಸ್ಟಿಕ್ ಕವರ್, ಮಕ್ಕಳ ಚೆಂಡು, ಏನೆಲ್ಲ ಸಿಗುತ್ತದೆ ಅಂತ ಹೇಳೋದೇ ಬೇಡ. ಬಾಯಿ ತೆರೆದಿದ್ದರೂ ಪೈಪ್ ಮತ್ತು ಗಾರೆ ಸೇರುವ ಸುತ್ತ ಸಂದಿ ಬಿಟ್ಟಿರಬಹುದು. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಮಾಡಿಸಿದ ಮನೆಯಾದರೆ ಕೆಳಗಿನ ಫಿಲ್ಟರ್ ಕೂಡ ನೋಡಿ. ಅದು ಕಟ್ಟಿಕೊಂಡರೆ ಜೋರು ಮಳೆಗೆ ಪೈಪ್ ತುಂಬಿ ನೀರು ತಾರಸಿಯಲ್ಲೇ ನಿಲ್ಲುತ್ತದೆ.

ಆಮೇಲೆ ನೆಲಕ್ಕೆ ತೂತು ಹೊಡೆದ ಎಲ್ಲವೂ: ಸೋಲಾರ್ ಸ್ಟ್ಯಾಂಡಿನ ಬೋಲ್ಟು, ಡಿಶ್ ಆಂಟೆನಾ, ಬಟ್ಟೆ ಒಣಹಾಕುವ ಕಂಬ. ಹೂಕುಂಡಗಳನ್ನು ಎತ್ತಿ ಅಡಿ ನೋಡಿ. ಪ್ಯಾರಪೆಟ್ ಸಂದಿಯಲ್ಲಿ ಅರಳಿ, ಆಲದ ಸಸಿ ಎದ್ದಿದ್ದರೆ ಸುಮ್ನೆ ಕಿತ್ತರೆ ಆಗಲಿಲ್ಲ. ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಬೇರು ಹೋದ ದಾರಿಯಲ್ಲೇ ನೀರೂ ಹೋಗುತ್ತದೆ.

ತಾರಸಿ ಮೇಲೆ ನೀರು ನಿಲ್ಲಿಸಿ ನೋಡಿ ಅಂತಾರೆ. ಮೋಲ್ಡ್ ಆ ಭಾರ ತಡೆಯುತ್ತಾ?

ಲೆಕ್ಕ ಹಾಕೋಣ. ಹತ್ತಕ್ಕೆ ಹತ್ತು ಅಡಿ ಜಾಗದಲ್ಲಿ 5 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಸುಮಾರು 465 ಲೀಟರ್. ಚದರ ಮೀಟರಿಗೆ 50 ಕಿಲೋ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಮಾನದಂಡದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆ ಹಿಡಿದು ವಿನ್ಯಾಸ ಮಾಡುತ್ತಾರೆ. ಹಾಗಾಗಿ ಗಟ್ಟಿಮುಟ್ಟಾದ ಮೋಲ್ಡಿಗೆ ಇದು ಭಾರ ಅಲ್ಲ. ಆದರೆ ಕಂಬಿ ತುಕ್ಕು ಹಿಡಿದು ಚಕ್ಕೆ ಏಳುತ್ತಿರುವ ಮೋಲ್ಡ್, ಮರದ ತೊಲೆಯ ಮೇಲೆ ಇಟ್ಟಿಗೆ ಸುಣ್ಣದ ಹಳೆಯ ಮದ್ರಾಸ್ ತಾರಸಿ, ಮಣ್ಣಿನ ಮಾಳಿಗೆ, ಇವುಗಳ ಮೇಲೆ ಈ ಪರೀಕ್ಷೆ ಬೇಡವೇ ಬೇಡ.

ಇಡೀ ತಾರಸಿಗೆ ಒಂದೇ ಸಲ ನೀರು ತುಂಬಿದರೆ ಸೋರುತ್ತದೆ ಅನ್ನುವುದಷ್ಟೇ ಗೊತ್ತಾಗುತ್ತದೆ, ಅದು ನಿಮಗೆ ಮೊದಲೇ ಗೊತ್ತಿತ್ತು. ಗಾರೆಯಿಂದ ಸಣ್ಣ ಕಟ್ಟೆ ಕಟ್ಟಿ ಭಾಗ ಮಾಡಿ. ಮೊದಲು ಪ್ಯಾರಪೆಟ್ ಮೂಲೆ ಬಿಟ್ಟು ನಡುವಿನ ಭಾಗ, ಅದು 24ರಿಂದ 48 ಗಂಟೆ ನಿಲ್ಲಲಿ. ಕೆಳಗೆ ಏನೂ ಬರದಿದ್ದರೆ ಮೂಲೆಯ ಭಾಗ. ಪಕ್ಕದಲ್ಲಿ ಒಂದು ಅಗಲ ಬಾಯಿಯ ಟಬ್ಬಿನಲ್ಲೂ ನೀರಿಟ್ಟು ಗುರುತು ಹಾಕಿ. ಬೇಸಿಗೆಯಲ್ಲಿ ನೀರು ಬಿಸಿಲಿಗೇ ಆರಿಹೋಗುತ್ತದೆ. ಕಟ್ಟೆಯ ನೀರು ಟಬ್ಬಿನ ನೀರಿಗಿಂತ ಜಾಸ್ತಿ ಇಳಿದಿದ್ದರೆ ಮಾತ್ರ ಅದು ತಾರಸಿಯೊಳಗೆ ಹೋಗಿದೆ.

ಫೆಬ್ರವರಿಯಿಂದ ಏಪ್ರಿಲ್ ಒಳಗೆ ಇದನ್ನು ಮುಗಿಸಿಕೊಂಡರೆ ವಾಟರ್‌ಪ್ರೂಫಿಂಗ್‌ಗೆ ಒಣ ದಿನಗಳು ಉಳಿಯುತ್ತವೆ.

ಬೇಸಿಗೆಯಲ್ಲೂ ಸೋರುತ್ತೆ. ಮೇಲೆ ತಾರಸಿ ಬಿಟ್ಟರೆ ಏನೂ ಇಲ್ಲ.

ಟ್ಯಾಂಕ್ ಇದೆ ಅಲ್ವಾ? ರಾತ್ರಿ ಮೋಟರ್ ಹಾಕಿ ಮಲಗುವ ಮನೆಗಳಲ್ಲಿ ಟ್ಯಾಂಕ್ ತುಂಬಿ ಹರಿದಿದ್ದು ಯಾರಿಗೂ ಕಾಣುವುದಿಲ್ಲ, ಬೆಳಿಗ್ಗೆ ಆರಿರುತ್ತದೆ. ಟ್ಯಾಂಕಿನ ಅಡಿ ಕಟ್ಟೆ, ಅದರಿಂದ ಹೊರಡುವ ಪೈಪಿನ ಜಾಯಿಂಟ್, ಸೋಲಾರ್ ಹೀಟರಿನ ಗಾಳಿ ಪೈಪ್, ಇಷ್ಟನ್ನು ನೋಡಿ.

## ಮೇಲೆ ಬಾತ್‌ರೂಮ್ ಇದ್ದರೆ

ಮೇಲಿನ ಬಾತ್‌ರೂಮಿಂದ ಅಂತ ಗೊತ್ತು. ಪೈಪಾ, ನೆಲನಾ ಅಂತ ಹೇಗೆ ತಿಳಿಯೋದು?

ಕಡಿಮೆ ನೀರು ಚೆಲ್ಲುವ ಪರೀಕ್ಷೆಯಿಂದ ಶುರು ಮಾಡಬೇಕು. ಮೊದಲ ದಿನವೇ ನೆಲಕ್ಕೆ ನೀರು ನಿಲ್ಲಿಸಿಬಿಟ್ಟರೆ ಅದು ಆರುವ ತನಕ ಬೇರೆ ಯಾವ ಪರೀಕ್ಷೆಗೂ ಅರ್ಥ ಇರುವುದಿಲ್ಲ.

ಮೊದಲು ನೀರು ಬರುವ ಪೈಪು. ಟ್ಯಾಂಕಿನ ಹತ್ತಿರ ಆ ಬಾತ್‌ರೂಮಿನ ವಾಲ್ವ್ ಮುಚ್ಚಿ, ಬಾತ್‌ರೂಮ್ ಬಳಸದೆ ಬಿಡಿ. ಕೆಳಗೆ ಹನಿಯ ವೇಗ ಕಡಿಮೆಯಾಗುತ್ತಾ ಬಂದರೆ ವಾಲ್ವ್ ಮತ್ತೆ ತೆರೆಯಿರಿ, ಆದರೆ ನಲ್ಲಿ ಯಾವುದೂ ಬಿಡಬೇಡಿ. ಯಾರೂ ನೀರು ಬಳಸದೆಯೇ ಹನಿ ಜೋರಾದರೆ ಕಳ್ಳ ಸಿಕ್ಕ. ಖಚಿತ ಮಾಡಿಕೊಳ್ಳಲು ಪ್ಲಂಬರ್ ಹತ್ತಿರ ಕೈಪಂಪಿನ ಪ್ರೆಶರ್ ಗೇಜ್ ಇರುತ್ತದೆ. ನಲ್ಲಿಗಳಿಗೆ ಮುಚ್ಚಳ ಹಾಕಿ ಒತ್ತಡ ಕೊಟ್ಟು ಬಿಟ್ಟಾಗ ಮುಳ್ಳು ಇಳಿಯಬಾರದು. ಬಿಸಿನೀರಿನ ಲೈನಿಗೂ ತಣ್ಣೀರಿನ ಲೈನಿಗೂ ಈ ಪರೀಕ್ಷೆಯನ್ನು ಬೇರೆ ಬೇರೆಯಾಗಿ ಮಾಡಿಸಿ.

ಆಮೇಲೆ ನೀರು ಹೋಗುವ ಪೈಪು. ನೆಲ ಒದ್ದೆಯಾಗದ ಹಾಗೆ ಒಂದು ಟ್ಯೂಬನ್ನು ನೇರ ಜಾಲಿಯೊಳಗೆ ಇಳಿಸಿ ನಾಲ್ಕೈದು ಬಕೆಟ್ ನೀರು ಬಿಡಿ. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಬಂದರೆ ನಹಾನಿ ಟ್ರ್ಯಾಪ್ (ಜಾಲಿಯ ಅಡಿಯಲ್ಲಿ ನೀರು ಹಿಡಿದಿಡುವ ಬಟ್ಟಲು) ಅಥವಾ ಅದರ ಜಾಯಿಂಟ್. ಇನ್ನೊಂದು ದಿನ ಕಮೋಡ್ ಫ್ಲಶ್ ಮಾತ್ರ ಹತ್ತು ಸಲ ಮಾಡಿ. ಅಲ್ಲಿ ಸೋರುತ್ತಿದ್ದರೆ ಮೂಗಿಗೂ ಗೊತ್ತಾಗುತ್ತದೆ.

ಮೂರನೆಯದು ಗೋಡೆ. ಶವರ್ ತಿರುಗಿಸಿ ಟೈಲ್ಸ್ ಗೋಡೆಗೆ ಹೊಡೆಯುವ ಹಾಗೆ ಬಿಡಿ. ನಲ್ಲಿ ಗೋಡೆಯಿಂದ ಹೊರಬರುವ ಜಾಗದ ಬಿಲ್ಲೆಯ ಹಿಂದೆ ಸಂದಿ ಇರುವುದು ತೀರಾ ಸಾಮಾನ್ಯ.

ನೆಲ ಕೊನೆಗೆ. ಜಾಲಿಯ ಬಾಯಿಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಟ್ಟೆ ತುರುಕಿ, ಬಾಗಿಲ ಹೊಸ್ತಿಲು ದಾಟದಷ್ಟು ನೀರು ನಿಲ್ಲಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ 24 ಗಂಟೆ ಬಿಡಿ.

ನೀರಿನ ಮೀಟರ್ ನೋಡಿದ್ರೆ ಸಾಕು ಅಂತ ಒಂದು ವೀಡಿಯೊದಲ್ಲಿ ಹೇಳಿದ್ರು.

ಅದು ಬೇರೆ ದೇಶದ ಮನೆಗೆ ಹೇಳಿದ ಮಾತು. ಅಲ್ಲಿ ಮೀಟರ್ ದಾಟಿದ ನೀರು ನೇರ ನಲ್ಲಿಗೆ ಹೋಗುತ್ತದೆ. ನಮ್ಮಲ್ಲಿ ಮೀಟರ್ ಆದ ಮೇಲೆ ಸಂಪು, ಮೋಟರ್, ಓವರ್‌ಹೆಡ್ ಟ್ಯಾಂಕ್. ಮೇಲಿನ ಪೈಪ್ ಎಷ್ಟು ಸೋರಿದರೂ ಮೀಟರಿಗೆ ಆ ಹೊತ್ತಿನಲ್ಲಿ ಗೊತ್ತಾಗುವುದಿಲ್ಲ. ಅದರ ಬದಲು ರಾತ್ರಿ ಟ್ಯಾಂಕಿನ ನೀರಿನ ಮಟ್ಟವನ್ನು ಕೋಲಿನಿಂದ ಅಳೆದು, ಬೆಳಿಗ್ಗೆ ಯಾರೂ ನಲ್ಲಿ ಬಿಡುವ ಮೊದಲು ಮತ್ತೆ ಅಳೆಯಿರಿ.

ಪ್ರೆಶರ್ ಪಂಪ್ ಹಾಕಿಸಿದ ಮೇಲೆ ಸೋರಿಕೆ ಶುರುವಾಯ್ತು. ಪಂಪೇ ಕಾರಣನಾ?

ಪಂಪ್ ಹಳೆಯ ದೋಷವನ್ನು ಹೊರಗೆಳೆದಿದೆ. ಟ್ಯಾಂಕಿನಿಂದ ಹತ್ತು ಮೀಟರ್ ಕೆಳಗೆ ಇದ್ದರೆ ಪೈಪಿನಲ್ಲಿ 1 ಬಾರ್ ಒತ್ತಡ. ತಾರಸಿಯ ಅಡಿಯ ಮನೆಗೆ ಟ್ಯಾಂಕ್ ಮೂರೇ ಮೀಟರ್ ಮೇಲಿರುವುದರಿಂದ 0.3 ಬಾರ್. ಪಂಪ್ ಅದನ್ನು 2 ಬಾರ್ ಹತ್ತಿರಕ್ಕೆ ಒಯ್ಯುತ್ತದೆ. ಅರೆಬರೆ ಅಂಟು ಹಾಕಿದ ಜಾಯಿಂಟ್ ಇಷ್ಟು ವರ್ಷ ಸುಮ್ಮನಿದ್ದಿದ್ದು ಈಗ ಬಾಯಿ ಬಿಟ್ಟಿದೆ. ಪಂಪ್ ಬೈಪಾಸ್ ಮಾಡಿ ನೋಡಿ, ಸೋರಿಕೆ ನಿಂತರೆ ಅಥವಾ ಕಡಿಮೆಯಾದರೆ ತಪ್ಪು ಪೈಪಿನದೇ.

ಬಣ್ಣದ ನೀರು ಹಾಕಿದೆವು, ಕೆಳಗೆ ಬಣ್ಣ ಬರಲಿಲ್ಲ. ಬಾತ್‌ರೂಮ್ ಸರಿ ಇದೆ ಅಂತಾನಾ?

ಅಲ್ಲ. ಬಣ್ಣ ಬಂದರೆ ಸಾಕ್ಷಿ, ಬರದಿದ್ದರೆ ಏನನ್ನೂ ಹೇಳಲು ಬರುವುದಿಲ್ಲ. ನಡುವಿನ ಮಣ್ಣು, ಗಾರೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಿಂದ ಹನಿ ಮಳೆಯದೋ ಪೈಪಿನದೋ ಅಂತ ಹೇಳುವ ಉಪಾಯವೂ ಹೀಗೇ: ಮಳೆನೀರು ಕೂಡ ಕಾಂಕ್ರೀಟ್ ದಾಟಿ ಬರುವಾಗ ಸುಣ್ಣ ಕರಗಿಸಿಕೊಂಡು ಬೋರ್‌ವೆಲ್ ನೀರಿನ ಹಾಗೆ ಅಂಕಿ ತೋರಿಸಬಹುದು.

ಒಂದು ವಾರದಿಂದ ಬಾತ್‌ರೂಮಿಗೆ ಬೀಗ ಹಾಕಿದೀವಿ. ಇನ್ನೂ ತೊಟ್ಟಿಕ್ತಿದೆ!

ಅಲ್ಲಿ ಮೋಲ್ಡ್ ಒಂದೂವರೆ ಅಡಿಯವರೆಗೆ ತಗ್ಗಾಗಿರಬೇಕು. ಪೈಪ್ ಹಾಯಿಸಲು ಹೀಗೆ ಇಳಿಸಿ, ಮೇಲೆ ಇಟ್ಟಿಗೆ ಚೂರು, ಕಟ್ಟಡದ ಕಸ ತುಂಬಿ ಟೈಲ್ಸ್ ಹಾಕುತ್ತಾರೆ. ವರ್ಷಗಟ್ಟಲೆ ಇಳಿದ ನೀರು ಆ ತಗ್ಗಿನಲ್ಲಿ ಕೆರೆ ತುಂಬಿದಂತೆ ನಿಂತಿರುತ್ತದೆ. ಮೇಲಿನಿಂದ ನೀರು ನಿಂತ ಮೇಲೂ ವಾರಗಟ್ಟಲೆ ಒಸರಬಹುದು. ನಿಲ್ಲಲಿಲ್ಲ ಅನ್ನುವುದನ್ನು ನೋಡಬೇಡಿ, ದಿನಕ್ಕೆ ಬಕೆಟಿನಲ್ಲಿ ಎಷ್ಟು ಬೀಳುತ್ತದೆ ಅಳೆಯಿರಿ. ಇಳಿಮುಖವಾಗಿದ್ದರೆ ದಾರಿ ಸರಿ ಇದೆ. ಕಡಿಮೆಯೇ ಆಗದಿದ್ದರೆ ಡಕ್ಟ್‌ನಲ್ಲಿ ಇಳಿಯುವ ಪೈಪನ್ನೋ ಪಕ್ಕದ ಬಾತ್‌ರೂಮನ್ನೋ ನೋಡಬೇಕು.

## ಇನ್ನೂ ಗಟ್ಟಿ ಪ್ರಶ್ನೆಗಳು

ಥರ್ಮಲ್ ಕ್ಯಾಮೆರಾ ತಂದು ತೋರಿಸ್ತೀವಿ ಅಂತಾರೆ. ದುಡ್ಡು ಕೊಡಬಹುದಾ?

ಕ್ಯಾಮೆರಾ ನೀರನ್ನು ನೋಡುವುದಿಲ್ಲ, ಮೇಲ್ಮೈಯ ಬಿಸಿ ತಂಪಿನ ವ್ಯತ್ಯಾಸ ನೋಡುತ್ತದೆ. ಒದ್ದೆ ಜಾಗ ಆರುವಾಗ ತಂಪಾಗುವುದರಿಂದ ಎಷ್ಟು ಹರಡಿದೆ ಅಂತ ಚೆನ್ನಾಗಿ ತೋರಿಸುತ್ತದೆ. ಎಲ್ಲಿಂದ ಬಂತು ಅಂತ ತಾನಾಗಿ ಹೇಳುವುದಿಲ್ಲ. ಬಿಸಿನೀರಿನ ಲೈನ್ ಮೇಲೆ ಅನುಮಾನ ಇದ್ದರೆ ಮಾತ್ರ ಇದು ತುಂಬ ಉಪಯೋಗ: ಗೀಸರ್ ನೀರು ಬಿಟ್ಟು ನೋಡಿದರೆ ಸೋರುವ ಜಾಗ ಬೆಚ್ಚಗೆ ಕಾಣುತ್ತದೆ. ಬರಿಗೈಯಲ್ಲಿ ಬಂದು, ಹೊತ್ತಿನ ಲೆಕ್ಕ ಕೇಳದೆ, ಬಣ್ಣದ ಚಿತ್ರ ತೆಗೆದು ವಾಟರ್‌ಪ್ರೂಫಿಂಗ್ ಕೊಟೇಶನ್ ಕೊಡುವವರನ್ನು ಚಹಾ ಕೊಟ್ಟು ಕಳಿಸಿ.

ಮೇಲಿನವರಿಗೆ ತೊಂದರೆ ಕೊಡದೆ ಕೆಳಗಿನಿಂದಲೇ ಇಂಜೆಕ್ಷನ್ ಮಾಡಿಸಿದ್ರೆ?

ಬಿರುಕಿನೊಳಗೆ ಒತ್ತಿ ತುಂಬುವ ಪಿಯು (ಪಾಲಿಯುರೆಥೇನ್) ಇಂಜೆಕ್ಷನ್ ನೀರು ತಾಗಿದರೆ ಉಬ್ಬಿ ಬಿರುಕು ಮುಚ್ಚುತ್ತದೆ, ನಿಜ. ಆದರೆ ನೀರು ಇನ್ನೂ ಮೋಲ್ಡಿನ ಮೇಲೇ ನಿಂತಿದೆ. ಅದು ಪಕ್ಕದ ದಾರಿ ಹುಡುಕುತ್ತದೆ, ಈ ಸಲ ಬೆಡ್‌ರೂಮಿನಲ್ಲಿ ಇಳಿಯಬಹುದು. ಮೇಲೆ ಹೋಗಲು ಸಾಧ್ಯವೇ ಇಲ್ಲದಾಗ ಕೊನೆಯ ಉಪಾಯ ಅಂತ ಇಟ್ಟುಕೊಳ್ಳಿ. ಸೀಲಿಂಗಿಗೆ ಕೆಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸುವುದಂತೂ ದುಡ್ಡು ದಂಡ.

ಸಿಮೆಂಟ್ ಚಕ್ಕೆ ಬಿದ್ದು ಕಂಬಿ ಕಾಣ್ತಿದೆ. ಮೇಸ್ತ್ರಿ ಗಾರೆ ಮೆತ್ತಿದ್ರೆ ಸಾಕು ಅಂತಾರೆ.

ಸಾಲದು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಮೇಲೆ ಗಾರೆ ಮೆತ್ತಿದರೆ ಅದೂ ಸೇರಿ ಇನ್ನೊಂದು ದಿನ ತಲೆ ಮೇಲೆ ಬೀಳುತ್ತದೆ. ಆ ಜಾಗದ ಕೆಳಗೆ ಮಂಚ, ತೊಟ್ಟಿಲು ಇಡಬೇಡಿ. ಸುತ್ತ ಕೋಲಿನಿಂದ ತಟ್ಟಿಸಿ, ಪೊಳ್ಳು ಸದ್ದು ಎಲ್ಲಿಯವರೆಗೆ ಬರುತ್ತದೆ ನೋಡಿ. ಇಲ್ಲಿ ಮೇಸ್ತ್ರಿಗಿಂತ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಬರಬೇಕು.

ಮೇಲ್ಮನೆಯವರು ನಮ್ಮದಲ್ಲ ಅಂತಾರೆ. ಏನು ಮಾಡೋದು?

"ನಿಮ್ಮ ಬಾತ್‌ರೂಮ್ ಸೋರ್ತಿದೆ" ಅಂತ ಶುರು ಮಾಡಿದರೆ ಬಾಗಿಲು ಮುಚ್ಚುತ್ತದೆ. "ಆಂಟಿ, ನಮ್ಮ ಸೀಲಿಂಗ್ ಒಂದ್ಸಲ ಬಂದು ನೋಡಿ, ಎಲ್ಲಿಂದ ಅಂತ ನಮಗೂ ಗೊತ್ತಾಗ್ತಿಲ್ಲ" ಅಂದರೆ ಬರುತ್ತಾರೆ. ಕ್ಯಾಲೆಂಡರ್ ತೋರಿಸಿ. ಪರೀಕ್ಷೆ ಮಾಡುವಾಗ ಇಬ್ಬರೂ ಇರಿ, ಪ್ಲಂಬರ್ ಖರ್ಚು ಮೊದಲ ಸಲ ನೀವೇ ಕೊಡಿ. ವಾದ ಗೆಲ್ಲುವುದಕ್ಕಿಂತ ಅದು ಅಗ್ಗ.

ಆಗಲೂ ಬಗೆಹರಿಯದಿದ್ದರೆ ಅಸೋಸಿಯೇಷನ್‌ಗೆ ಬರೆದುಕೊಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಛಾವಣಿ, ಮುಖ್ಯ ಗೋಡೆಗಳು ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಭಾಗ. ಹಾಗಾಗಿ ತಾರಸಿಯ ದುರಸ್ತಿ ಮೇಲಿನ ಮಹಡಿಯವರೊಬ್ಬರ ತಲೆನೋವಲ್ಲ. ಒಂದು ಫ್ಲಾಟಿನೊಳಗಿನ ಬಾತ್‌ರೂಮ್ ನೆಲ, ಪೈಪು ಸಾಮಾನ್ಯವಾಗಿ ಆ ಮಾಲೀಕರ ಹೊಣೆ. ಯಾವ ಭಾಗ ಯಾರಿಗೆ ಸೇರಿದ್ದು ಅಂತ ಬರೆದಿರುವ ನಿಮ್ಮ ಕಟ್ಟಡದ ಡೀಡ್ ಆಫ್ ಡಿಕ್ಲರೇಷನ್ ಒಮ್ಮೆ ಓದಿ. ಫ್ಲಾಟ್ ಹೊಸದಾಗಿದ್ದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಂ ಇದೆ: ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್ ಕಳಿಸಿ.

ಊರಲ್ಲಿ ಹೆಂಚಿನ ಮನೆ. ಹೆಂಚು ಬದಲಿಸಿದ್ರೂ ಅಲ್ಲೇ ಸೋರುತ್ತೆ.

ಹನಿ ಬೀಳುವ ಜಾಗದ ಹೆಂಚನ್ನೇ ಬದಲಿಸಿರಬೇಕು. ಒಳಬಂದ ನೀರು ರೀಪು, ಪಕ್ಕಾಸಿನ ಅಡಿಗೆ ಅಂಟಿಕೊಂಡು ಇಳಿಜಾರಿನಲ್ಲಿ ಕೆಳಕ್ಕೆ ಹರಿದು, ಗಂಟು ಅಥವಾ ಮೊಳೆ ಸಿಕ್ಕಲ್ಲಿ ಬೀಳುತ್ತದೆ. ಬಿಸಿಲಿರುವ ಹೊತ್ತಿನಲ್ಲಿ ಕಿಟಕಿ ಬಾಗಿಲು ಹಾಕಿ ಕತ್ತಲೆ ಮಾಡಿ, ಆ ಜಾಗದಿಂದ ಮೇಲಕ್ಕೆ ನೋಡುತ್ತಾ ಹೋಗಿ. ಬೆಳಕಿನ ಚುಕ್ಕೆ ಕಂಡಲ್ಲಿ ಗುರುತು ಹಾಕಿ. ಬೆಳಕು ಕಾಣದಿದ್ದರೆ ಹೆಂಚಿನ ಕಾಲುವೆಯಲ್ಲಿ ಪಾಚಿ, ಎಲೆ ಕಟ್ಟಿರಬಹುದು. ಎರಡು ಮಾಡು ಸೇರುವಲ್ಲಿನ ತಗಡು ತೂತಾಗಿರಬಹುದು. ಮಂಗಗಳ ಕಾಟ ಇರುವ ಊರಾದರೆ ಜರುಗಿದ ಹೆಂಚು ಇದ್ದೇ ಇರುತ್ತದೆ.

ಎಲ್ಲ ಸರಿಮಾಡಿಸಿದ್ವಿ. ಸೀಲಿಂಗಿಗೆ ಬಣ್ಣ ಯಾವಾಗ ಹೊಡೆಸೋದು?

ಅವಸರ ಬೇಡ. ಉಬ್ಬಿದ ಪುಟ್ಟಿಯನ್ನು ಕೆರೆದು ತೆಗೆಸಿ, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿಸಿ, ಹಾಗೇ ಬಿಡಿ. ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದಾಗ ಒಳಗಡೆ ಒಂದು ಹನಿಯೂ ಇರಬಾರದು. ತಾರಸಿ ಕೆಲಸವಾಗಿದ್ದರೆ ಒಂದೆರಡು ಜೋರು ಮಳೆ ಕಳೆಯಲಿ. ಕಲೆ ಮುಚ್ಚಲು ಫಾಲ್ಸ್ ಸೀಲಿಂಗ್ ಹಾಕಿಸುವ ಯೋಚನೆ ಇದ್ದರೆ, ಹಳೆಯ ಕಲೆಯ ಕೆಳಗೆ ಸರಿಯಾಗಿ ತೆರೆದು ನೋಡುವಷ್ಟು ಒಂದು ಸಣ್ಣ ಬಾಗಿಲು ಇಡಿಸಿ.